ಓಲಾಟ ತಡೆಯುವ ಬಾರನ್ನು ಮಳೆಯಲ್ಲಿ ಸಡಿಲಿಸುವುದೇಕೆ?

ಪ್ರಶ್ನೆ: ನಾವು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ ವಾಸವಾಗಿದ್ದೇವೆ. ಈ ಬೇಸಿಗೆಯಲ್ಲಿ 21 ಅಡಿ ಉದ್ದದ ಟ್ರಾವೆಲ್ ಟ್ರೇಲರ್ ಕೊಂಡೆವು. ಅದನ್ನು ಎಳೆಯುವುದು 5,000 ಪೌಂಡ್ ಎಳೆಯುವ ಸಾಮರ್ಥ್ಯದ, ಏಳು ಸೀಟಿನ ಎಸ್‌ಯುವಿ. ಸಾಮಾನು ತುಂಬಿದಾಗ ಟ್ರೇಲರ್ 4,800 ಪೌಂಡ್ ತೂಗುತ್ತದೆ. ಒಣ ಹವೆಯಲ್ಲಿ ಇದುವರೆಗೆ ತೊಂದರೆಯಾಗಿಲ್ಲ. ಅಕ್ಟೋಬರ್ ಕೊನೆಗೆ, ಊರಿನಿಂದ ಬಂದಿರುವ ಅತ್ತೆ ಮಾವನವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕ್ಲೇಲಾಕ್ ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ; ಆ ಹೊತ್ತಿಗೆ ಅಲ್ಲಿ ಮಳೆ ಖಚಿತ. ನಮ್ಮ ಹಿಚ್‌ನ (ಟ್ರೇಲರನ್ನು ವಾಹನಕ್ಕೆ ಜೋಡಿಸುವ ಕೊಂಡಿ) ಪಕ್ಕದಲ್ಲಿ ಕೂರಿಸುವ ಫ್ರಿಕ್ಷನ್ ಸ್ವೇ ಬಾರ್‌ನ ಕೈಪಿಡಿಯಲ್ಲಿ, ರಸ್ತೆ ಒದ್ದೆಯಾಗಿದ್ದರೆ ಅದರ ಬಿಗಿತವನ್ನು ಪೂರ್ತಿ ಸಡಿಲಿಸಬೇಕು ಎಂದು ಬರೆದಿದೆ. ಓಲಾಟ ತಡೆಯುವ ಸಾಧನ ಮಳೆಯಲ್ಲೇ ಅಲ್ಲವೇ ಹೆಚ್ಚು ಬೇಕಾಗುವುದು? ಟ್ರೇಲರಿನ ಬ್ರೇಕುಗಳಿಗೆ ಕರೆಂಟ್ ಕಳುಹಿಸುವ ಬ್ರೇಕ್ ಕಂಟ್ರೋಲರ್‌ನ ಗೇನ್ ಅನ್ನು (ಕರೆಂಟಿನ ಮಟ್ಟವನ್ನು) ಮಳೆಗೆ ಬದಲಿಸಬೇಕೇ? ಎಷ್ಟು ವೇಗದಲ್ಲಿ ಹೋಗಬಹುದು? ಮಾವನವರು ಟ್ರೇಲರಿನೊಳಗೆ ಮಲಗಿಕೊಂಡು ಬರಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ವಾಷಿಂಗ್ಟನ್ ರಾಜ್ಯದಲ್ಲಿ ಚಲಿಸುತ್ತಿರುವ ಟ್ರೇಲರಿನೊಳಗೆ ಯಾರೂ ಕೂರುವಂತಿಲ್ಲ, ಮಲಗುವಂತಿಲ್ಲ. ಅದು ಕಾನೂನಿಗೆ ವಿರುದ್ಧ. ಕಾನೂನು ಇರದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ, ಏಕೆಂದರೆ ಆ ಗೋಡೆಗಳು ತೆಳ್ಳಗಿನ ಮರದ ಅಥವಾ ಅಲ್ಯುಮಿನಿಯಂ ಚೌಕಟ್ಟಿನವು ಮತ್ತು ಒಳಗೆ ಪ್ರಯಾಣಿಕರಿಗೆಂದು ಸೀಟ್ ಬೆಲ್ಟ್ ಇರುವುದಿಲ್ಲ.

ಇನ್ನು ಬಾರ್‌ನ ವಿಷಯ. ಕೈಪಿಡಿ ಹೇಳಿದ್ದು ಸರಿ, ಅದನ್ನು ಅಕ್ಷರಶಃ ಪಾಲಿಸಿ. ಆದರೆ ಕಾರಣ ತಿಳಿಯದೆ ಪಾಲಿಸಿದರೆ ಅರ್ಧ ಪ್ರಯೋಜನ ಮಾತ್ರ, ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನಿಮ್ಮ ಬಾರ್‌ನ ಒಂದು ತುದಿ ವಾಹನದ ಕಡೆಯ ಚಿಕ್ಕ ಉಕ್ಕಿನ ಗುಂಡಿಗೆ (ಬಾಲ್), ಇನ್ನೊಂದು ತುದಿ ಟ್ರೇಲರಿನ ಚೌಕಟ್ಟಿನ ಗುಂಡಿಗೆ ಕೂತಿರುತ್ತದೆ. ನಡುವೆ ಒಂದು ಉಕ್ಕಿನ ಪಟ್ಟಿ, ಬ್ರೇಕ್ ಪ್ಯಾಡಿನಂಥ ಘರ್ಷಣೆಯ ಪದರಗಳ ಮಧ್ಯೆ ಜಾರುತ್ತಿರುತ್ತದೆ. ಮೇಲಿರುವ ಹಿಡಿಕೆಯನ್ನು ತಿರುಗಿಸಿದಷ್ಟೂ ಪದರಗಳು ಪಟ್ಟಿಯನ್ನು ಬಿಗಿಯಾಗಿ ಅಮುಕುತ್ತವೆ. ವಾಹನ ಮತ್ತು ಟ್ರೇಲರ್ ನಡುವಿನ ಕೋನ ಬದಲಾಗಬೇಕಾದರೆ ಆ ಪಟ್ಟಿ ಜಾರಲೇಬೇಕು. ಆದ್ದರಿಂದ ಬಾರ್ ಮಾಡುವ ಕೆಲಸ ಇಷ್ಟೇ: ಹಿಚ್ಚನ್ನು, ಎಣ್ಣೆ ಕಾಣದೆ ಬಿಗಿದುಕೊಂಡ ಬಾಗಿಲ ತಿರುಗಣಿಯಂತೆ ಮಾಡುವುದು. ಪಕ್ಕದಿಂದ ಲಾರಿ ಹಾದುಹೋದಾಗ ಟ್ರೇಲರ್ ಸಣ್ಣಗೆ ಓಲತೊಡಗಿದರೆ ಆ ಬಿಗಿತವೇ ಓಲಾಟದ ಶಕ್ತಿಯನ್ನು ಹೀರಿಕೊಳ್ಳುತ್ತದೆ.

ಆದರೆ ಆ ಬಿಗಿತಕ್ಕೆ ಬೇಡದ ಓಲಾಟ ಯಾವುದು, ಬೇಕಾದ ತಿರುವು ಯಾವುದು ಎಂಬ ಭೇದ ತಿಳಿಯದು. ನೀವು ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗಲೂ ಬಾರ್ ಅದನ್ನು ವಿರೋಧಿಸುತ್ತದೆ, ತಿರುವು ಮುಗಿದು ನೇರವಾಗುವಾಗಲೂ ವಿರೋಧಿಸುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಟೈರ್‌ಗಳಿಗೆ ಹಿಡಿತ ಬೇಕಾದಷ್ಟು ಇರುವುದರಿಂದ ಈ ವಿರೋಧವನ್ನು ಗೆದ್ದು ವಾಹನ ತಿರುಗುತ್ತದೆ, ನಿಮ್ಮ ಗಮನಕ್ಕೂ ಬರುವುದಿಲ್ಲ. ರಸ್ತೆ ಒದ್ದೆಯಾದಾಗ ಹಿಡಿತ ಕಡಿಮೆಯಾಗುತ್ತದೆ, ಬಾರ್‌ನ ವಿರೋಧ ಮಾತ್ರ ಹಾಗೆಯೇ ಉಳಿಯುತ್ತದೆ. ಆಗ ಸ್ಟಿಯರಿಂಗ್ ತಿರುಗಿದರೂ ವಾಹನ ತಿರುಗದೆ, ಮುಂದಿನ ಚಕ್ರಗಳು ಜಾರುತ್ತ ತಿರುವಿನ ಹೊರಬದಿಗೆ ಹೋಗಬಹುದು. ಕೈಪಿಡಿ ಹೆದರಿರುವುದು ಇದಕ್ಕೆ. ಹಿಮ, ಮಂಜುಗಡ್ಡೆ, ಸಡಿಲ ಜಲ್ಲಿಯ ರಸ್ತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಜೊತೆಗೆ ಆ ಘರ್ಷಣೆಯ ಪದರಗಳು ಸ್ವತಃ ಒದ್ದೆಯಾದಾಗ ಅವುಗಳ ಹಿಡಿತವೂ ಒಂದೇ ಸಮನಾಗಿ ಇರುವುದಿಲ್ಲ, ಅಂದರೆ ಮಳೆಯಲ್ಲಿ ನೀವು ನಂಬಿಕೊಂಡ ಸಹಾಯವೂ ಪೂರ್ತಿಯಾಗಿ ಸಿಗುವುದಿಲ್ಲ.

ಹಾಗಾದರೆ ಓಲಾಟಕ್ಕೆ ಮದ್ದೇನು? ಬಾರ್ ಎಂದೂ ಅದಕ್ಕೆ ಮದ್ದಾಗಿರಲಿಲ್ಲ ಎಂಬುದೇ ನನ್ನ ಉತ್ತರದ ತಿರುಳು. ಓಲಾಟ ಹುಟ್ಟುವುದು ಮುಖ್ಯವಾಗಿ ತೂಕ ಹಂಚಿಕೆಯ ದೋಷದಿಂದ, ಬೆಳೆಯುವುದು ವೇಗದಿಂದ. ಪ್ರತಿಯೊಂದು ವಾಹನ-ಟ್ರೇಲರ್ ಜೋಡಿಗೂ ಒಂದು ಮಿತಿವೇಗ ಇರುತ್ತದೆ. ಅದರ ಕೆಳಗೆ ಓಲಾಟ ತಾನಾಗಿ ತಣಿಯುತ್ತದೆ, ಅದನ್ನು ದಾಟಿದರೆ ಪ್ರತಿ ಸುತ್ತಿಗೂ ದೊಡ್ಡದಾಗುತ್ತ ಹೋಗುತ್ತದೆ. ಟ್ರೇಲರಿನ ಹಿಂಭಾಗದಲ್ಲಿ ಭಾರ ಹೆಚ್ಚಾದಷ್ಟೂ ಆ ಮಿತಿ ಕೆಳಗಿಳಿಯುತ್ತದೆ. ಆದ್ದರಿಂದ ಮಳೆಯಲ್ಲಿ ಬಾರ್ ಸಡಿಲಿಸುವುದು ಮತ್ತು ವೇಗ ಇಳಿಸುವುದು ಎರಡೂ ಜೋಡಿಯಾಗಿ ಬರುವ ಸೂಚನೆಗಳು, ಮೊದಲನೆಯದನ್ನು ಮಾತ್ರ ಪಾಲಿಸಿ ಎರಡನೆಯದನ್ನು ಬಿಡುವಂತಿಲ್ಲ.

ಅಕ್ಟೋಬರ್‌ಗೆ ಮುಂಚೆ ಒಂದು ಒಣ ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ, ಪ್ರವಾಸಕ್ಕೆ ತುಂಬುವಂತೆಯೇ ಟ್ರೇಲರನ್ನು ತುಂಬಿ, ಬಾರನ್ನು ಸಡಿಲಿಸಿ, ವಾಹನ ಸಂಚಾರ ವಿರಳವಾದ ನೇರ ರಸ್ತೆಯಲ್ಲಿ 40 ಮೈಲಿಯಿಂದ ಮೆಲ್ಲಗೆ 50-55ರವರೆಗೆ ಏರಿಸಿ ನೋಡಿ. ಬಾರ್ ಇಲ್ಲದೆ ಟ್ರೇಲರ್ ಹಿಂದೆ ನೆಟ್ಟಗೆ ಬರುತ್ತಿದ್ದರೆ ಒಳ್ಳೆಯದು. ಅಷ್ಟಕ್ಕೇ ಅದು ಅತ್ತಿತ್ತ ಎಳೆಯತೊಡಗಿದರೆ ತಕ್ಷಣ ನಿಧಾನಿಸಿ ವಾಪಸು ಬನ್ನಿ. ಅದರ ತೂಕ ಹಂಚಿಕೆ ಸರಿಯಾಗುವವರೆಗೆ ಆ ಟ್ರೇಲರನ್ನು ಮಳೆಯಲ್ಲಿ ಹೊರಗೆ ತೆಗೆಯಬಾರದು. (ಕೆಲವು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ಗಳಲ್ಲಿ, ಅಂದರೆ ಹಿಚ್ ಮೇಲಿನ ಭಾರವನ್ನು ಸ್ಪ್ರಿಂಗ್ ಬಾರ್‌ಗಳಿಂದ ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿಗಳಲ್ಲಿ, ಓಲಾಟದ ತಡೆ ಆ ಬಾರ್‌ಗಳಲ್ಲೇ ಅಡಕವಾಗಿರುತ್ತದೆ, ಹಿಡಿಕೆ ತಿರುಗಿಸಿ ಸಡಿಲಿಸಲು ಬರುವುದಿಲ್ಲ. ಅಂಥವುಗಳಿಗೆ ಆಯಾ ತಯಾರಕರ ಸೂಚನೆಯೇ ಪ್ರಮಾಣ. ನಿಮ್ಮದು ಆ ಬಗೆಯದಲ್ಲ.)

ತೂಕದ ಬಗ್ಗೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು 4,800 ಎಂಬ ಸಂಖ್ಯೆಯಲ್ಲ, ಸೀಟುಗಳ ಸಂಖ್ಯೆ. ಟ್ರೇಲರ್ ನೇರವಾಗಿ ಬರಬೇಕಾದರೆ ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಹಿಚ್ ಗುಂಡಿನ ಮೇಲೆ ಕೂತಿರಬೇಕು. ಇದನ್ನು ಟಂಗ್ ವೇಟ್ ಎನ್ನುತ್ತಾರೆ. ಶೇಕಡಾ 12 ಎಂದಿಟ್ಟುಕೊಂಡರೆ ನಿಮ್ಮದು ಹೆಚ್ಚುಕಡಿಮೆ 580 ಪೌಂಡ್. ಈ ಭಾರವನ್ನು ಹೊರುವುದು ಟ್ರೇಲರಿನ ಚಕ್ರಗಳಲ್ಲ, ನಿಮ್ಮ ಎಸ್‌ಯುವಿ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಕಾಣುತ್ತದೆ. ಪ್ರಯಾಣಿಕರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಇರುತ್ತದೆ. ಉದಾಹರಣೆಗೆ ಅಲ್ಲಿ 1,400 ಎಂದಿದೆ ಎನ್ನೋಣ. ನೀವಿಬ್ಬರು, ಅತ್ತೆ ಮಾವ, ಇಬ್ಬರು ಮಕ್ಕಳು ಸೇರಿ 800 ಪೌಂಡ್ ಆದರೆ, ಟಂಗ್ ವೇಟ್ 580 ಕೂಡಿದಾಗಲೇ 1,380 ಆಯಿತು. ಹಿಚ್‌ನ ಕಬ್ಬಿಣವೇ ನೂರು ಪೌಂಡಿನ ಹತ್ತಿರ ತೂಗಬಹುದು. ಅದರ ಮೇಲೆ ಡಿಕ್ಕಿಯಲ್ಲಿ ಕೂಲರ್, ಕುಕ್ಕರ್, ಅಕ್ಕಿ, ಚಾಪೆ, ಮಕ್ಕಳ ಸೈಕಲ್ಲು. ಎಳೆಯುವ ಸಾಮರ್ಥ್ಯ ಮೀರದೆಯೇ ಹೊರುವ ಸಾಮರ್ಥ್ಯ ಮೀರಿಹೋಗುವುದು ಹೀಗೆ. ಊರಿನಿಂದ ಹಿರಿಯರು ಬಂದಾಗ ನಮ್ಮವರ ಕುಟುಂಬಗಳಲ್ಲಿ ಇದು ನಡೆದೇ ನಡೆಯುತ್ತದೆ, ಬೇಸಿಗೆಯಲ್ಲಿ ನಾಲ್ವರೇ ಹೋಗಿದ್ದಾಗ ಎಲ್ಲವೂ ಸರಿಯಿತ್ತಲ್ಲ ಎಂಬ ಧೈರ್ಯ ಬೇರೆ ಇರುತ್ತದೆ.

ಮಳೆಗೂ ಇದಕ್ಕೂ ಏನು ಸಂಬಂಧ ಎಂದರೆ, ಹಿಂಭಾಗ ಕುಸಿದ ವಾಹನದ ಮುಂಭಾಗ ಹಗುರವಾಗುತ್ತದೆ ಮತ್ತು ಒದ್ದೆ ರಸ್ತೆಯಲ್ಲಿ ನಿಮ್ಮನ್ನು ತಿರುಗಿಸಬೇಕಾದ, ನಿಲ್ಲಿಸಬೇಕಾದ ಹಿಡಿತದ ಬಹುಪಾಲು ಇರುವುದು ಆ ಮುಂದಿನ ಟೈರ್‌ಗಳಲ್ಲಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಸ್ಪ್ರಿಂಗ್ ಬಾರ್‌ಗಳು ಒಂದಷ್ಟು ಭಾರವನ್ನು ಮುಂದಿನ ಚಕ್ರಗಳಿಗೆ ಮರಳಿಸುತ್ತವೆ. ಆದರೆ ಅವನ್ನು ಅತಿಯಾಗಿ ಬಿಗಿದರೆ ಹಿಂದಿನ ಚಕ್ರಗಳ ಭಾರವೇ ಕಡಿಮೆಯಾಗಿ, ಒದ್ದೆಯಲ್ಲಿ ಹಿಂಭಾಗ ಜಾರುತ್ತದೆ. ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿನ ಎತ್ತರವನ್ನು ಟ್ರೇಲರ್ ಕೊಂಡಿ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಟೇಪಿನಲ್ಲಿ ಅಳೆಯಿರಿ. ಕೊಂಡಿ ಹಾಕಿದಾಗ ಮೇಲೆದ್ದ ಆ ಅಂಚು ಎಷ್ಟು ಕೆಳಗೆ ಮರಳಬೇಕೆಂದು ವಾಹನದ ಕೈಪಿಡಿ ಹೇಳುತ್ತದೆಯೋ ಅಷ್ಟೇ ಮರಳಿಸಿ, ಅದಕ್ಕಿಂತ ಹೆಚ್ಚು ಬೇಡ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಎಂಬ ಕಂಪನಿಯ, ವಾಹನಗಳನ್ನು ತೂಗುವ ವೇದಿಕೆಗಳಿವೆ; ಕೆಲವೇ ಡಾಲರಿಗೆ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳ ತೂಕ ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಎಲ್ಲರನ್ನೂ ಕೂರಿಸಿಕೊಂಡು ಒಮ್ಮೆ ತೂಗಿಸಿ. ನನ್ನ ಅಂದಾಜಿನಲ್ಲಿ ನಿಮ್ಮ ಈ ಪ್ರವಾಸಕ್ಕೆ ಎರಡು ಕಾರುಗಳು ಬೇಕು: ಅತ್ತೆ ಮಾವನವರೂ ಮಕ್ಕಳೂ ಎರಡನೆಯ ಕಾರಿನಲ್ಲಿ ಬರಲಿ.

ಸೈಕಲ್‌ಗಳನ್ನು ಟ್ರೇಲರಿನ ಹಿಂಬದಿಯ ಬಂಪರಿಗೆ ತೂಗುಹಾಕಬೇಡಿ, ಅಷ್ಟು ಹಿಂದಿನ ಭಾರ ಟಂಗ್ ವೇಟನ್ನು ನೇರವಾಗಿ ತಿನ್ನುತ್ತದೆ. ಕ್ಲೇಲಾಕ್‌ನಲ್ಲಿ ಹುಕ್‌ಅಪ್ (ಟ್ರೇಲರಿಗೆ ನೀರು, ವಿದ್ಯುತ್ತಿನ ಸಂಪರ್ಕ) ಇಲ್ಲವೆಂದು ಅನೇಕರು ಮನೆಯಿಂದಲೇ ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೊರಡುತ್ತಾರೆ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆ, 40 ಗ್ಯಾಲನ್ ಎಂದರೆ 330 ಪೌಂಡ್. ಅದು ನಿಮ್ಮ 4,800ರ ಲೆಕ್ಕದಲ್ಲಿ ಸೇರಿಲ್ಲದಿದ್ದರೆ ಎಳೆಯುವ ಸಾಮರ್ಥ್ಯವೂ ಮೀರಿತು. ಟ್ಯಾಂಕ್ ಅಚ್ಚಿನ ಹಿಂದಿದೆಯೋ ಮುಂದಿದೆಯೋ ನೋಡಿಕೊಳ್ಳಿ. ಅರ್ಧ ತುಂಬಿದ ಟ್ಯಾಂಕಿನ ನೀರು ತುಳುಕಾಡುವುದೂ ಒಳ್ಳೆಯದಲ್ಲ. ನೀರನ್ನು ಆದಷ್ಟು ಕ್ಯಾಂಪಿನ ಹತ್ತಿರ ತುಂಬಿಕೊಳ್ಳುವುದು ಲೇಸು.

ಈಗ ಬ್ರೇಕ್. ನಿಮ್ಮ ಎಸ್‌ಯುವಿಯಲ್ಲಿ ಎಬಿಎಸ್ ಇದೆ, ಆದ್ದರಿಂದ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೂ ಅದರ ಚಕ್ರಗಳು ಉರುಳುತ್ತಲೇ ಇರುತ್ತವೆ. ಟ್ರೇಲರಿನ ವಿದ್ಯುತ್ ಡ್ರಮ್ ಬ್ರೇಕುಗಳಿಗೆ ಸಾಮಾನ್ಯವಾಗಿ ಎಬಿಎಸ್ ಇರುವುದಿಲ್ಲ. ಕಂಟ್ರೋಲರ್ ಎಷ್ಟು ಕರೆಂಟ್ ಕಳುಹಿಸುತ್ತದೆಯೋ ಅಷ್ಟು ಹಿಡಿಯುತ್ತವೆ. ಬೇಸಿಗೆಯಲ್ಲಿ ಚಕ್ರ ಲಾಕ್ ಆಗುವ ಅಂಚಿಗೆ ಸ್ವಲ್ಪ ಕೆಳಗೆ ಹೊಂದಿಸಿದ ಗೇನ್, ಮಳೆಯಲ್ಲಿ ಅಂಚನ್ನು ದಾಟಿ ಚಕ್ರಗಳನ್ನು ಲಾಕ್ ಮಾಡುತ್ತದೆ. ಲಾಕ್ ಆದ ಟೈರ್‌ಗೆ ಅಡ್ಡಕ್ಕೆ ಹಿಡಿದುಕೊಳ್ಳುವ ಶಕ್ತಿ ಉಳಿಯುವುದಿಲ್ಲ, ರಸ್ತೆ ಯಾವ ಕಡೆ ಇಳಿಜಾರಿದೆಯೋ ಆ ಕಡೆ ಟ್ರೇಲರಿನ ಹಿಂಭಾಗ ಜಾರತೊಡಗುತ್ತದೆ. ಹಾಗೆಂದು ಗೇನ್ ತೀರಾ ಇಳಿಸಿದರೆ, ಬ್ರೇಕ್ ಹಾಕಿದಾಗ 4,800 ಪೌಂಡಿನ ಟ್ರೇಲರ್ ನಿಮ್ಮನ್ನು ಹಿಂದಿನಿಂದ ತಳ್ಳುತ್ತದೆ. ತಿರುವಿನಲ್ಲಿ ಆ ತಳ್ಳುವಿಕೆ ಅಡ್ಡಕ್ಕೆ ಬಿದ್ದು ವಾಹನದ ಹಿಂಭಾಗವನ್ನೇ ಪಕ್ಕಕ್ಕೆ ಒತ್ತಿದರೆ ಎರಡೂ ಮಡಚಿಕೊಳ್ಳುತ್ತವೆ, ಇದನ್ನೇ ಜ್ಯಾಕ್‌ನೈಫ್ ಎನ್ನುವುದು.

ಆದ್ದರಿಂದ ಮಳೆಗೆ ಇಂತಿಷ್ಟೇ ಗೇನ್ ಎಂದು ದೂರದಿಂದ ಸಂಖ್ಯೆ ಕೊಡುವವರನ್ನು ನಂಬಬೇಡಿ. ಮಳೆ ಬರುತ್ತಿರುವಾಗಲೇ, ವಾಹನಗಳಿಲ್ಲದ ಒದ್ದೆ ಪಾರ್ಕಿಂಗ್ ಜಾಗದಲ್ಲಿ 20-25 ಮೈಲಿ ವೇಗದಲ್ಲಿ ನೇರವಾಗಿ ಹೋಗುತ್ತ, ಕಾಲನ್ನು ಬ್ರೇಕಿನಿಂದ ದೂರವಿಟ್ಟು, ಕಂಟ್ರೋಲರಿನ ಕೈಲಿವರನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ. ಟ್ರೇಲರ್ ಹಿಂದಿನಿಂದ ಒಂದೇ ಸಮ ಹಿಡಿದೆಳೆದ ಅನುಭವವಾಗಬೇಕು. ಕನ್ನಡಿಯಲ್ಲಿ ಚಕ್ರ ನಿಂತೇಬಿಟ್ಟದ್ದು ಕಂಡರೆ, ಅಥವಾ ಹೊರಗೆ ನಿಂತ ಮನೆಯವರು ನೋಡಿ ಹೇಳಿದರೆ, ಗೇನ್ ಅನ್ನು ಪ್ರತಿ ಸಲ 0.5ರಷ್ಟು ಇಳಿಸುತ್ತ ಮತ್ತೆ ಪರೀಕ್ಷಿಸಿ. ಒಣ ರಸ್ತೆಯಲ್ಲಿ 6.5 ಇದ್ದದ್ದು 5ರ ಆಸುಪಾಸಿಗೆ ಬಂದರೂ ಆಶ್ಚರ್ಯವಿಲ್ಲ. ಮಳೆ ನಿಂತು ರಸ್ತೆ ಒಣಗಿದ ಮೇಲೆ ಮರಳಿ ಏರಿಸುವುದನ್ನು ಮರೆಯಬೇಡಿ. ಆಳವಾದ ನೀರು ಹಾಯ್ದು ಬಂದಿದ್ದರೆ ಡ್ರಮ್ಮಿನೊಳಗೆ ನೀರು ಹೊಕ್ಕಿರುತ್ತದೆ, ಮುಂದಿನ ತಿರುವಿಗೆ ಮುಂಚೆ ನಿಧಾನವೇಗದಲ್ಲಿ ಲಿವರನ್ನು ಹಗುರವಾಗಿ ಕೆಲವು ಬಾರಿ ಒತ್ತಿ ಬ್ರೇಕುಗಳನ್ನು ಒಣಗಿಸಿ.

ಬ್ರೇಕಿಗೂ ದೀಪಗಳಿಗೂ ವಿದ್ಯುತ್ ಹೋಗುವುದು ಏಳು ಪಿನ್ನಿನ ಒಂದೇ ಪ್ಲಗ್ಗಿನ ಮೂಲಕ. ಅದರ ಹಿತ್ತಾಳೆಯ ಕಡ್ಡಿಗಳ ಮೇಲೆ ಹಸಿರು ಕಿಲುಬು ಕಂಡರೆ ಉಜ್ಜಿ ತೆಗೆದು ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಮಳೆಯಲ್ಲಿ ಇದ್ದಕ್ಕಿದ್ದಂತೆ ಟ್ರೇಲರ್ ಬ್ರೇಕ್ ಇಲ್ಲವಾಗುವ ಪ್ರಕರಣಗಳಲ್ಲಿ ನಾನು ಮೊದಲು ನೋಡುವುದು ಈ ಪ್ಲಗ್ಗನ್ನೇ.

ವೇಗದ ವಿಷಯಕ್ಕೆ ಬರೋಣ. ವಾಷಿಂಗ್ಟನ್ನಿನಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗರಿಷ್ಠ ಮಿತಿಯೇ ಗಂಟೆಗೆ 60 ಮೈಲಿ; ಮೂರು ಅಥವಾ ಹೆಚ್ಚು ಲೇನ್‌ಗಳ ಫ್ರೀವೇಯಲ್ಲಿ ತೀರಾ ಎಡದ ಲೇನ್ ನಿಮಗಿಲ್ಲ. ವಾಣಿಜ್ಯ ಲಾರಿ ಚಾಲಕರಿಗೆ ಈ ದೇಶದಲ್ಲಿ ಕಲಿಸುವ ನಿಯಮವೆಂದರೆ ಒದ್ದೆ ರಸ್ತೆಯಲ್ಲಿ ವೇಗವನ್ನು ಮೂರನೇ ಒಂದರಷ್ಟು ಇಳಿಸಬೇಕು, 55ರಲ್ಲಿ ಹೋಗುತ್ತಿದ್ದವರು ಸುಮಾರು 35ಕ್ಕೆ ಬರಬೇಕು. ಐ-5 ಹೆದ್ದಾರಿಯಲ್ಲಿ ಅಷ್ಟು ನಿಧಾನವಾಗಿ ಹೋದರೆ ಹಿಂದಿನವರಿಂದಲೇ ಅಪಾಯವಾದೀತು. ಹದವಾದ ಮಳೆಗೆ ಬಲಗಡೆಯ ಲೇನಿನಲ್ಲಿ 50, ನೀರು ರಸ್ತೆಯ ಮೇಲೆ ನಿಲ್ಲತೊಡಗಿದರೆ 45ಕ್ಕೂ ಕೆಳಗೆ, ವೈಪರ್ ಅತಿ ವೇಗದಲ್ಲಿದ್ದರೂ ಮುಂದೆ ಕಾಣದಂತಾದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಕಾಯುವುದು ನನ್ನ ಸಲಹೆ. ಮುಂದಿನ ವಾಹನಕ್ಕೆ ಎಂಟರಿಂದ ಹತ್ತು ಸೆಕೆಂಡಿನ ಅಂತರ ಇರಲಿ. ಯಾರಾದರೂ ನಡುವೆ ನುಗ್ಗಿದರೆ ಮತ್ತೆ ಹಿಂದೆ ಸರಿಯಿರಿ. ಕ್ರೂಸ್ ಕಂಟ್ರೋಲ್ ಬಳಸಲೇಬೇಡಿ.

1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರ್‌ಗಳ ಮೇಲೆ ಪರೀಕ್ಷೆ ಮಾಡಿ, ನಿಂತ ನೀರಿನ ಮೇಲೆ ಟೈರ್ ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆಂದು ಕಂಡುಕೊಂಡರು. ಆ ಸೂತ್ರದಂತೆ 35 ಪಿಎಸ್‌ಐ ಇರುವ ಕಾರಿನ ಟೈರ್ ಸುಮಾರು 61 ಮೈಲಿ ವೇಗದಲ್ಲಿ, 65 ಪಿಎಸ್‌ಐ ಇರುವ ಟ್ರೇಲರ್ ಟೈರ್ ಸುಮಾರು 83 ಮೈಲಿಯಲ್ಲಿ ತೇಲುತ್ತದೆ. ಟ್ರೇಲರ್ ಟೈರಿನ ಗಾಳಿ 40ಕ್ಕೆ ಇಳಿದಿದ್ದರೆ ಅದೇ ಸಂಖ್ಯೆ 65ಕ್ಕೆ ಬರುತ್ತದೆ. ಇವು ರಸ್ತೆಯ ಮೇಲೆ ಹಾಗೆಯೇ ನಂಬಬಹುದಾದ ಮಿತಿಗಳಲ್ಲ. ಸವೆದ, ಅಗಲವಾದ, ಭಾರ ಕಡಿಮೆ ಇರುವ ಟೈರ್‌ಗಳು ಇನ್ನೂ ಬೇಗ ತೇಲುತ್ತವೆ. ಆದರೂ ಎರಡು ಸಂಗತಿ ಸ್ಪಷ್ಟ: ಮೊದಲು ಹಿಡಿತ ಬಿಡುವುದು ಬಹುಶಃ ನಿಮ್ಮ ಕೈಯಲ್ಲಿ ಸ್ಟಿಯರಿಂಗ್ ಇರುವ ವಾಹನವೇ, ಮತ್ತು ಗಾಳಿಯ ಒತ್ತಡ ಮಳೆಯ ದಿನ ಅಳೆಯಲೇಬೇಕಾದ ಸಂಗತಿ. ಟ್ರೆಡ್, ಅಂದರೆ ಟೈರಿನ ಹೊರಮೈ ಗೀರುಗಳ ಆಳ, ಕಾನೂನಿನ ಪ್ರಕಾರ ಒಂದು ಇಂಚಿನ 2/32 ಭಾಗ ಇದ್ದರೆ ಸಾಕು, ಮಳೆಗೆ ಕನಿಷ್ಠ 4/32 ಬೇಕು. ಟ್ರೆಡ್ಡಿಗೆ ಕ್ವಾರ್ಟರ್ ನಾಣ್ಯವನ್ನು ತಲೆಕೆಳಗಾಗಿ ಇಳಿಸಿದಾಗ ಜಾರ್ಜ್ ವಾಷಿಂಗ್ಟನ್ನರ ತಲೆಯ ತುದಿ ಪೂರ್ತಿ ಕಂಡರೆ ಟೈರ್ ಬದಲಿಸುವ ಕಾಲ ಬಂತು. ಟ್ರೇಲರ್ ಟೈರ್‌ಗಳು ಸವೆಯುವುದಕ್ಕಿಂತ ಮೊದಲೇ ವಯಸ್ಸಾಗಿ ಹಾಳಾಗುತ್ತವೆ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಆರಂಭವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಐದಾರು ವರ್ಷ ದಾಟಿದ್ದರೆ ನೋಡಲು ಹೊಸದಾಗಿದ್ದರೂ ಬದಲಿಸಿ.

ಈ ಭಾಗದ ರಸ್ತೆಗಳ ಇನ್ನೊಂದು ಗುಣವನ್ನು ಗಮನಿಸಬೇಕು. ಚಳಿಗಾಲದಲ್ಲಿ ಮೊಳೆ ಜಡಿದ ಟೈರ್‌ಗಳು ಉಜ್ಜಿ ಉಜ್ಜಿ ಹೆದ್ದಾರಿಗಳಲ್ಲಿ ಚಕ್ರದ ಜಾಡುಗಳು ತಗ್ಗಾಗಿವೆ, ಮಳೆ ಬಂದಾಗ ಅವೇ ಉದ್ದನೆಯ ಕಾಲುವೆಗಳಾಗುತ್ತವೆ. ನಿಮ್ಮ ಎಸ್‌ಯುವಿಯ ಚಕ್ರಗಳು ಆ ಜಾಡಿನೊಳಗೆ ಸರಿಯಾಗಿ ಕೂರುತ್ತವೆ. ಟ್ರೇಲರಿನ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರೆ ಅವು ಜಾಡಿನ ಅಂಚನ್ನು ಹತ್ತಿಳಿಯುತ್ತ, ಟ್ರೇಲರ್ ಹಿಂದೆ ಸಣ್ಣಗೆ ಹೊಯ್ದಾಡುತ್ತದೆ. ಲೇನಿನೊಳಗೇ ಅರ್ಧ ಅಡಿಯಷ್ಟು ಪಕ್ಕಕ್ಕೆ ಸರಿದು ಜಾಡನ್ನು ತಪ್ಪಿಸಿದರೆ ಎರಡೂ ತೊಂದರೆಗಳು ಕಡಿಮೆಯಾಗುತ್ತವೆ.

ಕ್ಲೇಲಾಕ್‌ಗೆ ಒಲಿಂಪಿಯಾ, ಅಬರ್ಡೀನ್ ಮೂಲಕ ಹೋಗಿ ಅಲ್ಲಿಂದ 101ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ತಿರುಗಿ. ಪೋರ್ಟ್ ಏಂಜಲಿಸ್ ಕಡೆಯಿಂದ ಬಂದರೆ ಕ್ರೆಸೆಂಟ್ ಸರೋವರದ ದಡಕ್ಕೆ ಅಂಟಿಕೊಂಡ ಇಕ್ಕಟ್ಟಾದ ತಿರುವುಗಳು ಸಿಗುತ್ತವೆ, ಮಳೆಯಲ್ಲಿ ಟ್ರೇಲರಿನೊಂದಿಗೆ ಅದು ಬೇಡ. ಹತ್ತಿರದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯದು ಅದರ ಎರಡು ಪಟ್ಟಿನಷ್ಟು ಎಂದು ಮಾವನವರು ಇದನ್ನು ಲೆಕ್ಕಕ್ಕಿಡದಿದ್ದರೂ, ಇಲ್ಲಿನ ಮಳೆ ಅಬ್ಬರಿಸದೆ ದಿನವಿಡೀ ಜಿನುಗುವಂಥದ್ದು, ರಸ್ತೆಯನ್ನು ತೊಳೆಯುವುದಕ್ಕಿಂತ ಹೆಚ್ಚಾಗಿ ಒದ್ದೆ ಇಡುವಂಥದ್ದು. ಅಕ್ಟೋಬರಿನಲ್ಲಿ ಮೇಪಲ್ ಮರಗಳ ಅಗಲವಾದ ಎಲೆಗಳು ತಿರುವುಗಳಲ್ಲಿ ಕೊಳೆತು ಅಂಟಿಕೊಂಡಿರುತ್ತವೆ, ಅವುಗಳ ಮೇಲೆ ಬ್ರೇಕ್ ಹಾಕದಂತೆ ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಿ. ಮರದ ದಿಮ್ಮಿಯ ಲಾರಿಗಳು ಎದುರಾದಾಗ ನೀರಿನ ಪರದೆಯೂ ಗಾಳಿಯ ಹೊಡೆತವೂ ಒಟ್ಟಿಗೆ ಬರುತ್ತವೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಎರಡು ಲೇನಿನ ರಸ್ತೆಯಲ್ಲಿ ನಿಮ್ಮ ಹಿಂದೆ ಐದು ವಾಹನಗಳು ಸೇರಿದರೆ ಸುರಕ್ಷಿತ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ದಾರಿ ಬಿಡಬೇಕೆಂಬುದು ಇಲ್ಲಿನ ಕಾನೂನು. ಹವಾಮಾನ ಇಲಾಖೆ ಕರಾವಳಿಗೆ ಗಾಳಿಯ ಎಚ್ಚರಿಕೆ ಕೊಟ್ಟಿದ್ದರೆ ಪ್ರವಾಸವನ್ನು ಮುಂದೂಡಿ. ಒದ್ದೆ ರಸ್ತೆ, ಅಡ್ಡಗಾಳಿ, ಹತ್ತಡಿ ಎತ್ತರದ ಪೆಟ್ಟಿಗೆ, ಇವು ಮೂರೂ ಕೂಡಿದರೆ ನಿಧಾನವಾಗಿ ಓಡಿಸುವುದರಿಂದಲೂ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಟ್ರೇಲರ್ ಓಲತೊಡಗಿದರೆ ಸ್ಟಿಯರಿಂಗನ್ನು ನೇರವಾಗಿ ಹಿಡಿದುಕೊಳ್ಳಿ, ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾಲಿನ ಬ್ರೇಕ್ ಮುಟ್ಟದೆ ಕಂಟ್ರೋಲರಿನ ಕೈಲಿವರನ್ನು ಹಗುರವಾಗಿ ಒತ್ತಿದರೆ ಟ್ರೇಲರ್ ಮಾತ್ರ ಬ್ರೇಕ್ ಹಿಡಿದು, ಹಿಂದಿನಿಂದ ಎಳೆದಂತಾಗಿ ಸಾಲಿಗೆ ಬರುತ್ತದೆ. ಒದ್ದೆಯಲ್ಲಿ ಲಿವರನ್ನು ಪೂರ್ತಿ ಒತ್ತಿ ಚಕ್ರ ಲಾಕ್ ಮಾಡಿದರೆ ಮಾತ್ರ ಅದೇ ಉಪಾಯ ತಿರುಗುಬಾಣವಾಗುತ್ತದೆ. ಆ ಲಿವರ್ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ತಿಳಿಯುವಂತೆ ಮನೆಯ ಮುಂದೆ ನಿಲ್ಲಿಸಿಕೊಂಡೇ ಅಭ್ಯಾಸ ಮಾಡಿ. ವಾಹನವನ್ನು ಮನೆಯವರೂ ಓಡಿಸುವುದಾದರೆ ಅವರಿಗೂ ಮಾಡಿಸಿ.

ಕ್ಯಾಂಪಿನಲ್ಲಿ ಟ್ರೇಲರನ್ನು ಜಲ್ಲಿ ಅಥವಾ ಡಾಂಬರಿನ ಮೇಲೆಯೇ ನಿಲ್ಲಿಸಿ, ಒದ್ದೆ ಹುಲ್ಲಿಗೆ ಇಳಿಸಿದರೆ ಹೊರಡುವ ದಿನ ಚಕ್ರ ಹೂತಿರುತ್ತದೆ. ಕೊಂಡಿ ಕಳಚುವ ಮುಂಚೆ ಚಕ್ರಗಳ ಎರಡೂ ಬದಿಗೆ ಅಡೆಗಟ್ಟೆ ಕೊಡಿ. ಹಿಮ್ಮುಖವಾಗಿ ಜಾಗಕ್ಕೆ ಹಾಕುವ ಮುಂಚೆ ಫ್ರಿಕ್ಷನ್ ಬಾರನ್ನು ಪೂರ್ತಿ ತೆಗೆದಿಡಿ, ಕಡಿದಾದ ಕೋನದಲ್ಲಿ ಅದು ಬಾಗಿಹೋಗುತ್ತದೆ. ಮಳೆಯಲ್ಲಿ ಸಡಿಲವಾಗಿಯೇ ಬಂದಿರುವುದರಿಂದ, ಕ್ಲಿಪ್ ಎಳೆದರೆ ಕೈಗೇ ಬರುತ್ತದೆ.